ಮೈಸೂರಿನಿಂದ ಬಂದ ಡಿಸ್ಚಾರ್ಜ್ ಸಮ್ಮರಿಯ ಮುಂದಿನ ಜವಾಬ್ದಾರಿ ಯಾರದು? ಹೃದ್ರೋಗ ಮಾರ್ಗಸೂಚಿಗಳನ್ನು ಕೊಡಗಿನಲ್ಲಿ ಬೇಗ ಆಚರಣೆಗೆ ತರುವ ಬಗ್ಗೆ

ಪ್ರಶ್ನೆ: ವೈದ್ಯಾಧಿಕಾರಿ, ಸೋಮವಾರಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹೃದಯ ವೈಫಲ್ಯ ಮತ್ತು ಹೃದಯಾಘಾತದ ಚಿಕಿತ್ಸೆಗೆ ಎಲ್ಲರೂ ಒಪ್ಪಿದ ಮಾರ್ಗಸೂಚಿಗಳಿದ್ದರೂ ಅವು ನಮ್ಮ ಜಿಲ್ಲೆಯ ರೋಗಿಯ ಮಾತ್ರೆ ಚೀಟಿಯನ್ನು ತಲುಪಲು ಇಷ್ಟು ತಡವಾಗುವುದೇಕೆ, ಆ ತಡವನ್ನು ತಗ್ಗಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿರುವ ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿರುವ ಹಿರಿಯರಿಂದಲೂ ಸಹೋದ್ಯೋಗಿಗಳಿಂದಲೂ ತಿಳಿಯಬೇಕೆಂದಿದ್ದೇನೆ.

ತಿಳಿವಳಿಕೆಯ ಕೊರತೆಯೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೃದಯದ ಸಂಕೋಚನ ಶಕ್ತಿ ಕುಗ್ಗಿದ ರೋಗಿಗೆ ನಾಲ್ಕು ವರ್ಗದ ಔಷಧಿಗಳನ್ನು, ಅಂದರೆ ಎಸಿಇ ಇನ್‌ಹಿಬಿಟರ್ ಅಥವಾ ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್, ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇವುಗಳನ್ನು ಕೊಡಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘವು 2021ರಲ್ಲಿ, ಅಮೆರಿಕದ ಸಂಘಗಳು 2022ರಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ಹೇಳಿವೆ. ಈಚೆಗೆ ಓದು ಮುಗಿಸಿ ಬಂದ ಯುವ ವೈದ್ಯರಿಗೂ ಇದು ಬಾಯಿಪಾಠವಾಗಿದೆ.

ನಡೆಯುತ್ತಿರುವುದು ಬೇರೆ. ಕಾಫಿ ತೋಟದ ಲೈನ್ ಮನೆಯಿಂದಲೋ ಒಳಗಿನ ಊರಿನಿಂದಲೋ ರೋಗಿಯೊಬ್ಬರು ಮೈಸೂರಿಗೆ ಅಥವಾ ಮಂಗಳೂರಿಗೆ ಹೋಗಿ ದಾಖಲಾಗುತ್ತಾರೆ. ಅಲ್ಲಿ ಒಳ್ಳೆಯ ಚಿಕಿತ್ಸೆ ಸಿಗುತ್ತದೆ, ಮಾತ್ರೆಗಳು ಆರಂಭಿಕ ಡೋಸ್‌ನಲ್ಲಿ ಶುರುವಾಗುತ್ತವೆ, ಮೂರು ತಿಂಗಳ ನಂತರ ಬನ್ನಿ ಎಂದು ಬರೆದ ಡಿಸ್ಚಾರ್ಜ್ ಸಮ್ಮರಿಯೊಂದಿಗೆ ಅವರು ಮನೆಗೆ ಬರುತ್ತಾರೆ. ಆ ಮೂರು ತಿಂಗಳು ಮಳೆಗಾಲಕ್ಕೆ ಬಿದ್ದರೆ ಅಥವಾ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಫಿ ಕೊಯ್ಲಿಗೆ ಬಿದ್ದರೆ ಅವರು ಹೋಗುವುದಿಲ್ಲ. ಉಸಿರಾಟ ಸ್ವಲ್ಪ ಸಲೀಸಾಗಿರುತ್ತದೆ, ಕೂಲಿ ಬಿಡಲು ಮನಸ್ಸಿರುವುದಿಲ್ಲ, ಮೈಸೂರಿಗೆ ಹೋಗಿಬರುವ ಖರ್ಚು ಬೇರೆ. ಊರಿನ ವೈದ್ಯರು ಅದೇ ಮಾತ್ರೆಯನ್ನು ಅದೇ ಡೋಸ್‌ನಲ್ಲಿ ಬರೆದುಕೊಡುತ್ತಾ ಹೋಗುತ್ತಾರೆ, ಏಕೆಂದರೆ ತಜ್ಞರು ಬರೆದದ್ದನ್ನು ಬದಲಿಸುವ ಅಧಿಕಾರ ತಮಗಿದೆಯೇ ಎಂಬುದು ಅವರಿಗೆ ಸ್ಪಷ್ಟವಿಲ್ಲ.

ಹಾಗಾದರೆ ಡೋಸ್ ಹೆಚ್ಚಿಸುವ ಕೆಲಸವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸುರಕ್ಷಿತವಾಗಿ ಮಾಡಬಹುದೇ? ಮಾಡುವುದಾದರೆ ಯಾವ ವ್ಯವಸ್ಥೆ ಬೇಕು? ಇನ್ನೊಂದು ತರಬೇತಿ ಕಾರ್ಯಾಗಾರ, ಇನ್ನೊಂದು ಸುತ್ತೋಲೆ ಎಂಬ ಉತ್ತರಕ್ಕಿಂತ ಭಿನ್ನವಾದ ಉತ್ತರಗಳು ಬಂದರೆ ಹೆಚ್ಚು ಉಪಕಾರವಾಗುತ್ತದೆ.

ಉತ್ತರ 1: ಫಿಸಿಷಿಯನ್, ಮಡಿಕೇರಿ

ವೈದ್ಯಾಧಿಕಾರಿಗಳಿಗೆ ನಮಸ್ಕಾರ. ತೊಂದರೆ ಎಲ್ಲಿದೆ ಎಂಬುದನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ. ಡೋಸ್ ಹೆಚ್ಚಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಆದರೆ ಅದನ್ನು ಮೈಸೂರಿನ ತಜ್ಞರು ಮಾಡಬೇಕೋ, ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಮಾಡಬೇಕೋ, ನೀವು ಮಾಡಬೇಕೋ ಎಂಬುದನ್ನು ಅದು ನಮಗಾಗಿ ಬರೆದುಕೊಡುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಭಾವಿಸುತ್ತಾರೆ, ರೋಗಿ ಆರಂಭಿಕ ಡೋಸ್‌ನಲ್ಲೇ ವರ್ಷ ಕಳೆಯುತ್ತಾರೆ. ಒಬ್ಬೊಬ್ಬ ರೋಗಿಯ ಸಮ್ಮರಿಯಲ್ಲೂ ಮುಂದಿನ ಹೆಜ್ಜೆ ಯಾವುದು, ಯಾವ ದಿನ, ಯಾರಿಂದ ಎಂದು ಬರೆದಿರಬೇಕು ಎಂಬುದೇ ನನ್ನ ಉತ್ತರದ ತಿರುಳು.

ಅವಸರ ಏಕೆ ಎಂಬುದನ್ನು ಮೊದಲು ಹೇಳುತ್ತೇನೆ. ಸ್ಟ್ರಾಂಗ್-ಎಚ್‌ಎಫ್ ಎಂಬ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ತೀವ್ರ ಹೃದಯ ವೈಫಲ್ಯದಿಂದ ದಾಖಲಾಗಿದ್ದ 1,078 ರೋಗಿಗಳಲ್ಲಿ ಒಂದು ಗುಂಪಿಗೆ ಮನೆಗೆ ಹೋಗುವ ಮೊದಲೇ ಔಷಧಿಗಳನ್ನು ಸುಮಾರು ಅರ್ಧ ಡೋಸ್‌ಗೆ ಏರಿಸಿ, ಎರಡು ವಾರಗಳೊಳಗೆ ಪೂರ್ಣ ಡೋಸ್‌ಗೆ ತರಲು ಪ್ರಯತ್ನಿಸಲಾಯಿತು. ಬಿಡುಗಡೆಯಾದ 1, 2, 3 ಮತ್ತು 6ನೇ ವಾರಗಳಲ್ಲಿ ಅವರನ್ನು ಮರಳಿ ಪರೀಕ್ಷಿಸಲಾಯಿತು. 180 ದಿನಗಳಲ್ಲಿ ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಮರುದಾಖಲಾತಿ ಈ ಗುಂಪಿನಲ್ಲಿ ಶೇ. 15.2, ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ. 23.3. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಮರುವರ್ಷವೇ ಯುರೋಪಿನ ಮಾರ್ಗಸೂಚಿಯ ಪರಿಷ್ಕರಣೆಯಲ್ಲಿ, ಬಿಡುಗಡೆಯ ನಂತರದ ಮೊದಲ ಆರು ವಾರಗಳಲ್ಲಿ ಹೀಗೆ ಒತ್ತಾಗಿ ರೋಗಿಯನ್ನು ನೋಡಿ ಡೋಸ್ ಏರಿಸಬೇಕೆಂಬುದು ಅತ್ಯುನ್ನತ ದರ್ಜೆಯ ಶಿಫಾರಸ್ಸಾಯಿತು. ಆ ಆರು ವಾರಗಳು ನಮ್ಮ ರೋಗಿ ಮೈಸೂರಿನಲ್ಲಿ ಕಳೆಯುವ ವಾರಗಳಲ್ಲ, ಸುಂಟಿಕೊಪ್ಪದಲ್ಲಿ, ಶನಿವಾರಸಂತೆಯಲ್ಲಿ, ನಾಪೋಕ್ಲುವಿನಲ್ಲಿ ಕಳೆಯುವ ವಾರಗಳು. ಮೂರು ತಿಂಗಳ ನಂತರ ಬನ್ನಿ ಎಂಬ ಸಾಲು ಈ ಶಿಫಾರಸ್ಸಿಗೆ ಹೊಂದುವುದೇ ಇಲ್ಲ.

ನಮ್ಮ ಪಕ್ಕದ ರಾಜ್ಯದ ಚಿತ್ರವೂ ಹೇಳಬೇಕಾದದ್ದೇ. 2013ರಲ್ಲಿ ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಲ್ಲಿ ದಾಖಲಾದ 1,205 ಹೃದಯ ವೈಫಲ್ಯ ರೋಗಿಗಳ ನೋಂದಣಿಯಲ್ಲಿ, ಸಂಕೋಚನ ಶಕ್ತಿ ಕುಗ್ಗಿದ್ದವರ ಪೈಕಿ ಬಿಡುಗಡೆಯ ವೇಳೆಗೆ ಮಾರ್ಗಸೂಚಿಯಂತೆ ಔಷಧಿ ಪಡೆದವರು ಶೇ. 25 ಮಾತ್ರ. ಒಂದು ವರ್ಷದೊಳಗೆ ಇಡೀ ಗುಂಪಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ರೋಗಿಗಳು ತೀರಿಕೊಂಡರು. ಆರೋಗ್ಯ ಸೇವೆಯಲ್ಲಿ ದೇಶಕ್ಕೇ ಮುಂದಿರುವ ಕಡೆ ಹೀಗಿದ್ದರೆ ನಮ್ಮ ಗುಡ್ಡಗಾಡಿನಲ್ಲಿ ಹೇಗಿರಬಹುದೆಂದು ಯೋಚಿಸಬೇಕಾಗುತ್ತದೆ.

ಈಗ ಸುರಕ್ಷಿತವೇ ಎಂಬ ಪ್ರಶ್ನೆ. ಎಕೋ (ಹೃದಯದ ಸ್ಕ್ಯಾನ್) ಆಗಿ, ಸಂಕೋಚನ ಶಕ್ತಿ ಶೇ. 40 ಅಥವಾ ಅದಕ್ಕಿಂತ ಕಡಿಮೆ ಎಂದು ಖಚಿತವಾಗಿರುವ, ಕಾಲಿನ ಬಾವು ಇಳಿದಿರುವ ರೋಗಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಡೋಸ್ ಏರಿಸಬಹುದು ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಬೇಕಾದದ್ದು ಬಿ.ಪಿ. ಉಪಕರಣ, ತೂಕದ ಯಂತ್ರ, ನಾಡಿ ನೋಡುವ ಕೈ, ರಕ್ತದ ಪೊಟ್ಯಾಶಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯ ಸೌಲಭ್ಯ. ಮೇಲಿನ ಅಧ್ಯಯನದಲ್ಲಿ ಡೋಸ್ ಏರಿಸದೆ ತಡೆಹಿಡಿಯಲು ಬಳಸಿದ ಮಿತಿಗಳು ಸರಳವಾಗಿದ್ದವು: ಮೇಲಿನ ರಕ್ತದೊತ್ತಡ 95ಕ್ಕಿಂತ ಕಡಿಮೆ, ನಾಡಿ ನಿಮಿಷಕ್ಕೆ 55ಕ್ಕಿಂತ ಕಡಿಮೆ, ಪೊಟ್ಯಾಶಿಯಂ 5.0ಕ್ಕಿಂತ ಹೆಚ್ಚು. ಡಾಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್‌ಗಳಿಗೆ ಡೋಸ್ ಏರಿಸುವ ಪ್ರಶ್ನೆಯೇ ಇಲ್ಲ. ಆರಂಭವೂ 10 ಮಿಲಿಗ್ರಾಂ, ಗುರಿಯೂ 10 ಮಿಲಿಗ್ರಾಂ. ಬೀಟಾ ಬ್ಲಾಕರ್ ವಿಷಯದಲ್ಲಿ ಮಾತ್ರ ಎಚ್ಚರ ಹೆಚ್ಚು ಬೇಕು. ಬಾವು, ಮಲಗಿದಾಗ ಉಸಿರಾಟದ ತೊಂದರೆ ಇದ್ದಾಗ ಅದನ್ನು ಏರಿಸಬಾರದು. ಬೈಸೊಪ್ರೊಲಾಲ್ ಆದರೆ 1.25ರಿಂದ 10 ಮಿಲಿಗ್ರಾಂವರೆಗಿನ ದಾರಿಯನ್ನು ಹಂತ ಹಂತವಾಗಿಯೇ ಸಾಗಬೇಕು.

ಇಲ್ಲೊಂದು ಮಾತನ್ನು ಸೇರಿಸಬೇಕು. ಮೈ ತೂಕ ಕಡಿಮೆಯಿರುವ ತೋಟದ ಕಾರ್ಮಿಕರಲ್ಲಿ, ವಯಸ್ಸಾದ ಹೆಂಗಸರಲ್ಲಿ ಪುಸ್ತಕದ ಪೂರ್ಣ ಡೋಸ್ ತಲುಪಲೇಬೇಕೆಂಬ ಹಟ ಬೇಡ. ರೋಗಿಯ ದೇಹ ತಾಳುವ ಗರಿಷ್ಠ ಡೋಸ್ ನಮ್ಮ ಗುರಿ. ನಾಲ್ಕರಲ್ಲಿ ಒಂದು ಔಷಧಿಯನ್ನು ಪೂರ್ಣ ಡೋಸ್‌ಗೆ ಏರಿಸಿ ಉಳಿದ ಮೂರನ್ನು ಮರೆಯುವುದಕ್ಕಿಂತ ನಾಲ್ಕನ್ನೂ ಸಣ್ಣ ಡೋಸ್‌ನಲ್ಲಾದರೂ ಬೇಗ ಶುರುಮಾಡುವುದು ಮೇಲು. ಸಂಧಿವಾತ ಜ್ವರದಿಂದ ಕವಾಟ ಕೆಟ್ಟಿರುವ ರೋಗಿಗಳು ಇಂದಿಗೂ ನಮ್ಮಲ್ಲಿ ಸಿಗುತ್ತಾರೆ, ಅವರ ಚಿಕಿತ್ಸೆಯ ದಾರಿಯೇ ಬೇರೆ. ಆದ್ದರಿಂದ ಎಕೋ ಇಲ್ಲದೆ ಈ ನಾಲ್ಕು ಔಷಧಿಗಳ ಸೂತ್ರವನ್ನು ಉಸಿರಾಟದ ತೊಂದರೆಯಿರುವ ಎಲ್ಲರಿಗೂ ಅನ್ವಯಿಸಬಾರದು.

ಉತ್ತರ 2: ಶುಶ್ರೂಷಾಧಿಕಾರಿ, ವಿರಾಜಪೇಟೆ ತಾಲ್ಲೂಕು

ಸರ್, ನಮಸ್ಕಾರ. ನೀವಿಬ್ಬರೂ ಹೃದಯ ವೈಫಲ್ಯದ ಬಗ್ಗೆ ಬರೆದಿದ್ದೀರಿ. ಹೃದಯಾಘಾತದ ವಿಷಯದಲ್ಲಿ ಅದೇ ತೊಂದರೆ ವಾರಗಳ ಬದಲು ನಿಮಿಷಗಳಲ್ಲಿ ಎದುರಾಗುತ್ತದೆ, ಆದ್ದರಿಂದ ಅದನ್ನೂ ಚರ್ಚೆಗೆ ಸೇರಿಸಬೇಕೆಂದು ಕೋರುತ್ತೇನೆ.

ಎದೆನೋವಿನ ರೋಗಿ ಬಂದ 10 ನಿಮಿಷಗಳಲ್ಲಿ ಇಸಿಜಿ ಆಗಬೇಕೆಂದು ಮಾರ್ಗಸೂಚಿ ಹೇಳುತ್ತದೆ. ರಾತ್ರಿ ಪಾಳಿಯಲ್ಲಿ ವೈದ್ಯರು ಹೆರಿಗೆ ಕೋಣೆಯಲ್ಲೋ ಅಪಘಾತದ ಪ್ರಕರಣದಲ್ಲೋ ಇರುತ್ತಾರೆ. ಅವರು ಬಂದು ಹೇಳಿದ ಮೇಲೆ ಇಸಿಜಿ ತೆಗೆಯುವ ಪದ್ಧತಿಯಿದ್ದರೆ 10 ನಿಮಿಷ ಎಂಬುದು ಗೋಡೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ. ಮೂವತ್ತು ದಾಟಿದ ಯಾರೇ ಆಗಲಿ ಎದೆನೋವು, ಎಡಗೈ ಅಥವಾ ದವಡೆಯ ನೋವು, ಕಾರಣವಿಲ್ಲದ ಬೆವರು, ಹಠಾತ್ ಉಸಿರಾಟದ ತೊಂದರೆ ಎಂದು ಬಂದರೆ ಕರ್ತವ್ಯದಲ್ಲಿರುವ ಶುಶ್ರೂಷಾಧಿಕಾರಿಯೇ ಯಾರನ್ನೂ ಕೇಳದೆ ಇಸಿಜಿ ತೆಗೆದು ವೈದ್ಯರ ಕೈಗೆ ಕೊಡಬೇಕು ಎಂಬ ಲಿಖಿತ ಸ್ಥಾಯಿ ಆದೇಶ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಇರಬೇಕು. ಇದಕ್ಕೆ ಹೊಸ ಹಣ ಬೇಡ. ಆಡಳಿತ ವೈದ್ಯಾಧಿಕಾರಿಯವರ ಒಂದು ಸಹಿ ಸಾಕು. ಸಕ್ಕರೆ ಕಾಯಿಲೆಯಿರುವವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಸುಸ್ತು, ವಾಕರಿಕೆಯ ರೂಪದಲ್ಲಿ ಹೃದಯಾಘಾತ ಬರುವುದುಂಟು ಎಂಬುದನ್ನೂ ಆ ಆದೇಶದಲ್ಲಿ ಸೇರಿಸಬೇಕು, ಏಕೆಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳುಹಿಸುವುದು ಇಂಥವರನ್ನೇ.

ಮುಂದಿನದು ಸಾಗಿಸುವ ಪ್ರಶ್ನೆ. ರೋಗ ಪತ್ತೆಯಾದ 120 ನಿಮಿಷಗಳಲ್ಲಿ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು) ಸಾಧ್ಯವಾದರೆ ಅದೇ ಮೊದಲ ಆಯ್ಕೆ. ಸಾಧ್ಯವಿಲ್ಲದಿದ್ದರೆ, ವಿರೋಧ ಕಾರಣಗಳು ಯಾವುವೂ ಇಲ್ಲವೆಂದು ಖಚಿತಪಡಿಸಿಕೊಂಡು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಕ್ಷಣ ಕೊಟ್ಟು ನಂತರ ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್ ಲ್ಯಾಬ್ ಇರುವಲ್ಲಿಗೆ ಕಳುಹಿಸಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಬಿರುನಾಣಿ, ಶ್ರೀಮಂಗಲ, ಕುಟ್ಟದ ಕಡೆಯಿಂದ ಬರುವವರಿಗೆ ವಿರಾಜಪೇಟೆ ತಲುಪುವುದಕ್ಕೇ ಸಮಯ ಹಿಡಿಯುತ್ತದೆ. ಮೈಸೂರಿಗೋ ಮಂಗಳೂರಿಗೋ ಕಳುಹಿಸಬೇಕಾದ ಇಂಥ ರೋಗಿಯ ಪಾಲಿಗೆ 120 ನಿಮಿಷದ ಲೆಕ್ಕ ಬಹುಪಾಲು ಮೊದಲೇ ತೀರ್ಮಾನವಾಗಿರುತ್ತದೆ. ಆದರೂ ‘ದೊಡ್ಡ ಆಸ್ಪತ್ರೆಗೆ ಬೇಗ ಕರೆದುಕೊಂಡು ಹೋಗಿ’ ಎಂದು ಚುಚ್ಚುಮದ್ದು ಕೊಡದೆ ಆಂಬುಲೆನ್ಸ್ ಹತ್ತಿಸುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. 2008ರಲ್ಲಿ ಪ್ರಕಟವಾದ ಕ್ರಿಯೇಟ್ ಎಂಬ ಭಾರತದ ನೋಂದಣಿಯಲ್ಲಿ ರೋಗಲಕ್ಷಣ ಶುರುವಾದಾಗಿನಿಂದ ಆಸ್ಪತ್ರೆ ತಲುಪುವವರೆಗಿನ ಮಧ್ಯಮಾನ ಸಮಯವೇ 360 ನಿಮಿಷಗಳಿದ್ದವು. ಅಷ್ಟು ತಡವಾಗಿ ಬಂದ ರೋಗಿಯ ಇನ್ನೂ ಮೂರು ಗಂಟೆಗಳನ್ನು ರಸ್ತೆಯ ಮೇಲೆ ಕಳೆಯುವ ಹಕ್ಕು ನಮಗಿಲ್ಲ.

ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ರೂಪುಗೊಂಡಿರುವುದು ಇದೇ ಕಾರಣಕ್ಕೆ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರ ಆಸ್ಪತ್ರೆಯ ತಜ್ಞರು ಕೂಡಲೇ ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಬೆಲೆಬಾಳುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲೇ ಕೊಡಲಾಗುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ವೈದ್ಯರನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಜೋಡಿಸಿ ಇಸಿಜಿ ನೋಡಿ ಸಲಹೆ ಕೊಡುವ ಕೆಲಸವನ್ನು ಅದಕ್ಕೂ ಮೊದಲೇ ಆರಂಭಿಸಿ, ಇಸಿಜಿ ಯಂತ್ರಗಳನ್ನೂ ಒದಗಿಸಿದ್ದಾರೆ. ಇವೆರಡೂ ದೊಡ್ಡ ಉಪಕಾರಗಳೇ. ಆದರೆ ಜುಲೈ ತಿಂಗಳಲ್ಲಿ ಕರೆಂಟು ಹೋಗಿ, ಟವರ್ ಸತ್ತು, ಇಸಿಜಿ ಚಿತ್ರ ಹೋಗದೆ ನಿಂತಾಗ ಏನು ಮಾಡಬೇಕೆಂಬುದನ್ನೂ ನಾವು ಬರೆದಿಟ್ಟುಕೊಳ್ಳಬೇಕು. ಇಂತಿಷ್ಟು ನಿಮಿಷಗಳಲ್ಲಿ ತಜ್ಞರ ಉತ್ತರ ಬಾರದಿದ್ದರೆ ಸ್ಥಳದ ವೈದ್ಯರೇ ನಿರ್ಧರಿಸಬಹುದು ಎಂಬ ಸಾಲು ಆದೇಶದಲ್ಲಿ ಇರಬೇಕು. ಸ್ಥಿರ ದೂರವಾಣಿಯ ಸಂಖ್ಯೆಯೊಂದನ್ನೂ ಅದರ ಕೆಳಗೆ ಬರೆದಿರಬೇಕು.

ಉತ್ತರ 3: ಸಮುದಾಯ ವೈದ್ಯಶಾಸ್ತ್ರ ಬೋಧಕ, ಕುಶಾಲನಗರ

ಮೇಲಿನ ಎರಡೂ ಉತ್ತರಗಳ ಆಶಯವನ್ನು ಗೌರವಿಸುತ್ತಲೇ ಒಂದು ಎಚ್ಚರಿಕೆಯನ್ನು ಮುಂದಿಡಬೇಕಾಗಿದೆ. ನಮೂನೆ, ಪರಿಶೀಲನಾ ಪಟ್ಟಿ, ಸ್ಥಾಯಿ ಆದೇಶ ಇವುಗಳನ್ನು ಹಂಚಿದ ಮಾತ್ರಕ್ಕೆ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ನಾವು ಬಯಸುವಷ್ಟು ಗಟ್ಟಿಯಾಗಿಲ್ಲ.

ನಮಗೆ ಅತ್ಯಂತ ಹತ್ತಿರದ ಉದಾಹರಣೆ ಕೇರಳದ್ದು. ಎಸಿಎಸ್ ಕ್ವಿಕ್ ಎಂಬ ಪ್ರಯೋಗದಲ್ಲಿ ಅಲ್ಲಿನ 63 ಆಸ್ಪತ್ರೆಗಳು, 21,374 ರೋಗಿಗಳು ಇದ್ದರು. ದಾಖಲಾತಿ ಮತ್ತು ಬಿಡುಗಡೆಯ ಪರಿಶೀಲನಾ ಪಟ್ಟಿ, ತಿಂಗಳ ಲೆಕ್ಕ ಪರಿಶೀಲನೆ, ರೋಗಿಗಳಿಗೆ ತಿಳಿವಳಿಕೆ ಪತ್ರ, ತುರ್ತು ತಂಡದ ತರಬೇತಿ ಎಲ್ಲವನ್ನೂ ಕೊಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 30 ದಿನಗಳಲ್ಲಿ ಗಂಭೀರ ಹೃದಯ ಘಟನೆಗಳು ಶೇ. 6.4ರಿಂದ ಶೇ. 5.3ಕ್ಕೆ ಇಳಿದಂತೆ ಕಂಡರೂ, ಕಾಲ ಸರಿದಂತೆ ಹೇಗೂ ನಡೆಯುತ್ತಿದ್ದ ಬದಲಾವಣೆಯನ್ನೂ ಆಸ್ಪತ್ರೆ ಆಸ್ಪತ್ರೆಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಂತರ ಉಳಿಯಲಿಲ್ಲ. ಅಮೆರಿಕದಲ್ಲಿ 161 ಆಸ್ಪತ್ರೆಗಳಲ್ಲಿ ನಡೆದ ಕನೆಕ್ಟ್-ಎಚ್‌ಎಫ್ ಪ್ರಯೋಗವೂ 2021ರಲ್ಲಿ ಇಂಥದ್ದೇ ನಿರಾಸೆಯ ಫಲಿತಾಂಶ ಕೊಟ್ಟಿತು. ಇವುಗಳನ್ನು ಮುಚ್ಚಿಟ್ಟು ನಮ್ಮ ಜಿಲ್ಲೆಯಲ್ಲಿ ಹೊಸ ನಮೂನೆ ತಂದರೆ ಈಗಾಗಲೇ ದಾಖಲೆ ಪುಸ್ತಕಗಳ ಭಾರ ಹೊತ್ತಿರುವ ಸಿಬ್ಬಂದಿಗೆ ಇನ್ನೊಂದು ಕಾಗದ ಹೊರಿಸಿದಂತಾಗುತ್ತದೆ.

ಹಾಗಾದರೆ ಫಲ ಕೊಟ್ಟದ್ದು ಯಾವುದು? ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದು 1994ರಲ್ಲಿ ಚಾಂಪ್ ಎಂಬ ಕಾರ್ಯಕ್ರಮವನ್ನು ಶುರುಮಾಡಿ, ಹೃದಯಾಘಾತದ ರೋಗಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ಬೀಟಾ ಬ್ಲಾಕರ್, ಎಸಿಇ ಇನ್‌ಹಿಬಿಟರ್‌ಗಳನ್ನು ಮುಂದೆ ಹೊರರೋಗಿ ವಿಭಾಗದಲ್ಲಿ ನೋಡೋಣ ಎಂದು ಬಿಡದೆ ವಾರ್ಡಿನಲ್ಲೇ ಆರಂಭಿಸುವುದನ್ನು ವಾಡಿಕೆ ಮಾಡಿತು. ಬಿಡುಗಡೆಯ ವೇಳೆ ಸ್ಟಾಟಿನ್ ಪಡೆಯುವವರು ಶೇ. 6ರಿಂದ ಶೇ. 86ಕ್ಕೆ ಏರಿದರು. ಅಲ್ಲಿ ಹೊಸದಾಗಿ ಕಲಿಸಿದ್ದು ಹೆಚ್ಚೇನಿಲ್ಲ, ನಿರ್ಧಾರ ಆಗುವ ಜಾಗ ಮತ್ತು ಹೊತ್ತು ಬದಲಾದವು. ಯೇಲ್‌ನ ಪ್ರಾಂಪ್ಟ್-ಎಚ್‌ಎಫ್ ಪ್ರಯೋಗದಲ್ಲಿ ವೈದ್ಯರು ಔಷಧಿ ಬರೆಯುವ ಹೊತ್ತಿನಲ್ಲೇ ಆ ನಿರ್ದಿಷ್ಟ ರೋಗಿಗೆ ಇನ್ನೂ ಯಾವ ವರ್ಗದ ಔಷಧಿ ಬಾಕಿಯಿದೆ ಎಂದು ಕಂಪ್ಯೂಟರ್ ಪರದೆ ನೆನಪಿಸಿತು. 30 ದಿನಗಳಲ್ಲಿ ಔಷಧಿ ಹೆಚ್ಚಾದವರು ಶೇ. 19ರ ಬದಲು ಶೇ. 26 ಆದರು. ಏರಿಕೆ ದೊಡ್ಡದಲ್ಲ, ಆದರೆ ಅದಕ್ಕೆ ತಗಲಿದ ಶ್ರಮವೂ ದೊಡ್ಡದಲ್ಲ.

ನಮ್ಮ ದೇಶದ್ದೇ ಆದ ಎರಡನ್ನು ಹೇಳುತ್ತೇನೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ 14 ಆಸ್ಪತ್ರೆಗಳ 806 ಹೃದಯಾಘಾತ ರೋಗಿಗಳ ಮೇಲೆ ನಡೆದ ಸ್ಪ್ರೆಡ್ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲೂ ಮನೆಯಲ್ಲೂ ರೋಗಿಯನ್ನು ಕಂಡು ಮಾತಾಡಿದರು. ವರ್ಷದ ಕೊನೆಗೆ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದವರು ಶೇ. 97, ಇನ್ನೊಂದು ಗುಂಪಿನಲ್ಲಿ ಶೇ. 92. ಬೀಡಿ ಸಿಗರೇಟು ಬಿಟ್ಟವರು ಶೇ. 85, ಇನ್ನೊಂದರಲ್ಲಿ ಶೇ. 52. ಎರಡನೆಯದು 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ. ಅದರ ಬಲ ಇರುವುದು ಸರಳತೆಯಲ್ಲಿ: ಯಾವ ಔಷಧಿ, ಎಷ್ಟು ಡೋಸ್, ಇಳಿಯದಿದ್ದರೆ ಮುಂದೇನು ಎಂಬುದು ಒಂದೇ ಪುಟದಲ್ಲಿದೆ, ಆ ಪುಟದಲ್ಲಿರುವ ಔಷಧಿಯನ್ನೇ ಕೊಳ್ಳಲಾಗುತ್ತದೆ, ರೋಗಿ ತಿಂಗಳಿಗೊಮ್ಮೆ ಬಾರದಿದ್ದರೆ ಅದು ಕೂಡಲೇ ಕಾಣುತ್ತದೆ. ಮೂರು ಪುಟದ ಮಾರ್ಗಸೂಚಿಗಿಂತ ಇದು ಬೇಗ ಹರಡಿತು.

ಆದ್ದರಿಂದ ಮಡಿಕೇರಿಯ ಫಿಸಿಷಿಯನ್ ಅವರ ಮಾತಿಗೆ ನನ್ನ ಸಮ್ಮತಿಯಿದೆ, ಒಂದು ಷರತ್ತಿನೊಂದಿಗೆ. ಮುಂದಿನ ಹೆಜ್ಜೆಯನ್ನು ಬರೆದರೆ ಸಾಲದು, ಅದು ನಡೆಯಿತೇ ಎಂದು ತಿಂಗಳಿಗೊಮ್ಮೆ ನೋಡುವವರು ಒಬ್ಬರಿರಬೇಕು. ಅಳತೆಯೂ ಒಂದೇ ಇರಲಿ: ಬಿಡುಗಡೆಯಾಗಿ ಆರು ವಾರ ಕಳೆದವರಲ್ಲಿ ನಾಲ್ಕೂ ವರ್ಗದ ಔಷಧಿಗಳ ಮೇಲಿರುವವರು ಎಷ್ಟು, ಇಲ್ಲದವರಿಗೆ ಕಾರಣ ಬರೆದಿದೆಯೇ.

ಉತ್ತರ 4: ಫಾರ್ಮಸಿಸ್ಟ್, ಗೋಣಿಕೊಪ್ಪ

ಚಿಕ್ಕದಾಗಿ ಹೇಳುತ್ತೇನೆ. ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ಮುಗಿದ ಮೇಲೆ ಎರಡೂ ಜೆನೆರಿಕ್ ರೂಪದಲ್ಲಿ ಬಂದು ಬೆಲೆ ಬಹಳ ಇಳಿದಿದೆ. ದುಬಾರಿ ಎಂದು ಬರೆಯದೆ ಬಿಡುವ ಕಾಲ ಕಳೆದಿದೆ, ಈ ಸಂಗತಿಯನ್ನು ವೈದ್ಯರು ಗಮನಿಸಬೇಕು. ದುಬಾರಿ ಬ್ರಾಂಡಿನ ಹೆಸರು ಬರೆದು ಕಳುಹಿಸಿದಾಗ, ಊರಿನ ಅಂಗಡಿಯಲ್ಲಿ ಆ ಬ್ರಾಂಡ್ ಇಲ್ಲವೆಂದು ರೋಗಿ ಮಾತ್ರೆಯನ್ನೇ ನಿಲ್ಲಿಸುವುದುಂಟು. ಔಷಧಿಯ ಮೂಲ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದರೆ ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ, ನಮಗೂ ಬದಲಿ ಕೊಡಲು ಅನುಕೂಲ.

ಇನ್ನೊಂದು ವಿಷಯ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳ ಮಾತ್ರೆಯ ಬದಲು ಎರಡು ತಿಂಗಳದ್ದನ್ನು ಕೊಡುವಂತೆ ಸರ್ಕಾರಿ ಔಷಧಾಲಯಗಳಿಗೆ ಅನುಮತಿಯಿದ್ದರೆ, ಹೊಳೆ ತುಂಬಿ ದಾರಿ ಮುಚ್ಚಿದ ಊರುಗಳಲ್ಲಿ ಬೀಟಾ ಬ್ಲಾಕರ್ ಹಠಾತ್ತನೆ ನಿಂತುಹೋಗುವುದು ತಪ್ಪುತ್ತದೆ. ಹೀಗೆ ಹಠಾತ್ ನಿಲ್ಲಿಸುವುದು ಅಪಾಯಕಾರಿ ಎಂದು ಇಲ್ಲಿರುವ ವೈದ್ಯರಿಗೆ ನಾನು ಹೇಳಬೇಕಾಗಿಲ್ಲ. ಡೋಸ್ ಏರಿಸುವ ಹಂತದಲ್ಲಿರುವವರನ್ನು ಮಾತ್ರ ಇದರಿಂದ ಹೊರಗಿಡಬೇಕು, ಅವರು ಬರಲೇಬೇಕಲ್ಲ.

ಉತ್ತರ 5: ರೋಗಿಯೊಬ್ಬರ ಮಗಳು, ನಾಪೋಕ್ಲು

ನಾನು ವೈದ್ಯಳಲ್ಲ, ಆದರೂ ಬರೆಯುತ್ತಿದ್ದೇನೆ. ನನ್ನ ತಂದೆಗೆ ಹೃದಯ ವೈಫಲ್ಯವಿದೆ, ಅಣ್ಣ ಬೆಂಗಳೂರಿನಲ್ಲಿದ್ದಾನೆ, ತೋಟವನ್ನೂ ತಂದೆಯನ್ನೂ ನೋಡಿಕೊಳ್ಳುವವಳು ನಾನು. ಕೊಡಗಿನ ಎಷ್ಟೋ ಮನೆಗಳಲ್ಲಿ ಹೀಗೆಯೇ ಇದೆ; ಕೆಲವು ಮನೆಗಳಲ್ಲಿ ವಯಸ್ಸಾದ ದಂಪತಿಗಳ ಹೊರತು ಯಾರೂ ಇಲ್ಲ.

ಮಾತ್ರೆಯ ಡೋಸ್ ಮುಂದೆ ಏರುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಬೇಕೆಂದು ದಯವಿಟ್ಟು ಕೇಳಿಕೊಳ್ಳುತ್ತೇನೆ. ಹೇಳದೆ ಏರಿಸಿದರೆ ಕಾಯಿಲೆ ಜಾಸ್ತಿಯಾಗಿದೆ ಎಂದು ಹೆದರುತ್ತೇವೆ, ತಲೆ ಸುತ್ತಿದ ಮೊದಲ ದಿನವೇ ನಿಲ್ಲಿಸಿಬಿಡುತ್ತೇವೆ. ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷ್‌ನಲ್ಲಿ ಇರುವುದಕ್ಕೆ ನಮ್ಮ ಆಕ್ಷೇಪವಿಲ್ಲ, ಅದು ವೈದ್ಯರಿಗಾಗಿ ಇರುವುದು. ಅದರ ಜೊತೆ ಕನ್ನಡದಲ್ಲಿ ಒಂದು ಪುಟ ಬೇಕು. ದಿನಾ ಬೆಳಿಗ್ಗೆ ತೂಕ ನೋಡಬೇಕು, ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಯಾರಿಗೆ ಫೋನ್ ಮಾಡಬೇಕು, ಉಪ್ಪಿನಕಾಯಿ, ಒಣಮೀನು, ಉಪ್ಪು ಹಾಕಿಟ್ಟ ಮಾಂಸ ಎಷ್ಟು ತಿನ್ನಬಹುದು, ಮೈಕೈ ನೋವಿಗೆ ಅಂಗಡಿಯಿಂದ ತರುವ ಯಾವ ಮಾತ್ರೆಯನ್ನು ತೆಗೆದುಕೊಳ್ಳಬಾರದು ಎಂಬುದು ಅದರಲ್ಲಿರಲಿ. ಕೊನೆಯದು ಬಹಳ ಮುಖ್ಯ. ಮಳೆಯಲ್ಲಿ ಕೆಲಸ ಮಾಡಿ ಬಂದವರಿಗೆ ನೋವಿನ ಮಾತ್ರೆ ಎಂಬುದು ಊಟದಷ್ಟೇ ಸಹಜ.

ತೋಟಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರೂ ಇದ್ದಾರೆ, ಎರವ ಮತ್ತು ಕುರುಬ ಸಮುದಾಯದ ಹಿರಿಯರಲ್ಲಿ ಓದು ಬಾರದವರೂ ಇದ್ದಾರೆ. ಅವರಿಗೆ ಬರಹದ ಬದಲು ಚಿತ್ರವೇ ಬೇಕಾಗುತ್ತದೆ. ನಮ್ಮ ತೋಟದ ರೈಟರ್ ಕೂಲಿಯ ಲೆಕ್ಕ ಇಡುವ ಪುಸ್ತಕದಲ್ಲೇ ಯಾರು ಯಾವ ದಿನ ಆಸ್ಪತ್ರೆಗೆ ಹೋಗಬೇಕೆಂದು ಬರೆದಿಟ್ಟು, ಆ ದಿನ ಅರ್ಧ ದಿನದ ರಜೆ ಕೊಡುವುದು ಬೆಳೆಗಾರರಾದ ನಮ್ಮಿಂದ ಆಗುವ ಕೆಲಸ. ಅದನ್ನು ನಾವು ಮಾಡಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೋಧಕರ ಎಚ್ಚರಿಕೆಯನ್ನು ಒಪ್ಪಿಕೊಂಡು, ಹೊಸ ದಾಖಲೆ ಪುಸ್ತಕ ತೆರೆಯದೆ, ಈಗಿರುವ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಕಾರ್ಡಿನಲ್ಲಿಯೇ ಹೃದಯ ವೈಫಲ್ಯದ ರೋಗಿಗೆ ನಾಲ್ಕು ಖಾನೆಗಳನ್ನು ಸೇರಿಸಿ ಆರಂಭಿಸೋಣ ಎಂದು ನಮ್ಮ ಸಮುದಾಯ ಆರೋಗ್ಯ ಅಧಿಕಾರಿಯೊಂದಿಗೆ ಮಾತಾಡಿದ್ದೇನೆ. ಬಿಡುಗಡೆಯಾಗಿ ಬಂದವರ ಮನೆಗೆ ಮೊದಲ ವಾರದಲ್ಲೇ ಆಶಾ ಕಾರ್ಯಕರ್ತೆ ಹೋಗಿ ತೂಕ, ಕಾಲಿನ ಬಾವು, ಮಾತ್ರೆಗಳನ್ನು ನೋಡಿ ಬರುತ್ತಾರೆ. ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಅವರು ವಾರದಲ್ಲಿ ಒಂದು ಮಧ್ಯಾಹ್ನ ಫೋನಿನಲ್ಲಿ ಸಿಗಲು ಒಪ್ಪಿದ್ದಾರೆ. ಡೋಸ್ ಏರಿಸುವ ನಿರ್ಧಾರ ನನ್ನದು, ಸಂದೇಹ ಬಂದರೆ ಕೇಳುವುದು ಅವರನ್ನು ಎಂದು ಇಬ್ಬರೂ ಬರೆದುಕೊಂಡಿದ್ದೇವೆ. ನಾಪೋಕ್ಲುವಿನ ಸಹೋದರಿ ಹೇಳಿದ ಕನ್ನಡ ಪುಟವನ್ನು ಸಿದ್ಧಪಡಿಸಿ ಇಲ್ಲಿಯೇ ಹಂಚಿಕೊಳ್ಳುತ್ತೇನೆ.

ಒಂದು ಸಂದೇಹ ಉಳಿದಿದೆ. ನಮ್ಮಲ್ಲಿ ಪೊಟ್ಯಾಶಿಯಂ ಪರೀಕ್ಷೆಗೆ ರಕ್ತದ ಮಾದರಿಯನ್ನು ತಾಲ್ಲೂಕು ಪ್ರಯೋಗಾಲಯಕ್ಕೆ ಕಳುಹಿಸಬೇಕು, ಫಲಿತಾಂಶ ಬರಲು ಸಮಯ ಹಿಡಿಯುತ್ತದೆ. ಸ್ಪೈರೊನೊಲ್ಯಾಕ್ಟೋನ್ ವಿಷಯದಲ್ಲಿ ಎಷ್ಟು ದಿನಕ್ಕೊಮ್ಮೆ ನೋಡಬೇಕು, ಯಾವ ಮಟ್ಟದಲ್ಲಿ ನಿಲ್ಲಿಸಬೇಕು?

ಉತ್ತರ 6: ಫಿಸಿಷಿಯನ್, ಮಡಿಕೇರಿ

ಆರಂಭಿಸುವ ಮೊದಲು ಒಮ್ಮೆ ನೋಡಿ, ಪೊಟ್ಯಾಶಿಯಂ 5.0ಕ್ಕಿಂತ ಹೆಚ್ಚಿದ್ದರೆ ನನ್ನನ್ನು ಅಥವಾ ನಿಮ್ಮ ತಾಲ್ಲೂಕಿನ ಫಿಸಿಷಿಯನ್ ಅವರನ್ನು ಕೇಳದೆ ಶುರುಮಾಡಬೇಡಿ. ಶುರುಮಾಡಿದ ಅಥವಾ ಡೋಸ್ ಏರಿಸಿದ ಮೇಲೆ 1 ಮತ್ತು 4ನೇ ವಾರದಲ್ಲಿ, ನಂತರ 8 ಮತ್ತು 12ನೇ ವಾರದಲ್ಲಿ, ಆಮೇಲೆ 6, 9 ಮತ್ತು 12ನೇ ತಿಂಗಳಲ್ಲಿ ಪೊಟ್ಯಾಶಿಯಂ ಮತ್ತು ಕ್ರಿಯಾಟಿನಿನ್ ಎರಡನ್ನೂ ನೋಡಬೇಕು. ಪೊಟ್ಯಾಶಿಯಂ 5.5 ದಾಟಿದರೆ ಅಥವಾ ಕ್ರಿಯಾಟಿನಿನ್ 2.5 ದಾಟಿದರೆ ಡೋಸ್ ಅರ್ಧ ಮಾಡಿ ಬೇಗ ಮರುಪರೀಕ್ಷೆ ಮಾಡಿಸಿ. ಪೊಟ್ಯಾಶಿಯಂ 6.0 ಅಥವಾ ಕ್ರಿಯಾಟಿನಿನ್ 3.5 ದಾಟಿದರೆ ಮಾತ್ರೆಯನ್ನು ಕೂಡಲೇ ನಿಲ್ಲಿಸಿ, ಇಸಿಜಿ ತೆಗೆದು, ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಿ.

ಮಾದರಿಯ ಬಗ್ಗೆ ಒಂದು ಸೂಚನೆ. ರಕ್ತವನ್ನು ಬಹಳ ಹೊತ್ತು ಇಟ್ಟು, ಕುಲುಕಾಟದ ದಾರಿಯಲ್ಲಿ ಸಾಗಿಸಿದರೆ ಕೆಂಪು ರಕ್ತಕಣಗಳು ಒಡೆದು ಪೊಟ್ಯಾಶಿಯಂ ಸುಳ್ಳಾಗಿ ಹೆಚ್ಚು ತೋರುತ್ತದೆ. ಸಾಧ್ಯವಾದರೆ ನಿಮ್ಮಲ್ಲೇ ಸೀರಮ್ ಬೇರ್ಪಡಿಸಿ ಕಳುಹಿಸಿ. ಆಗದಿದ್ದರೆ ಮಾದರಿ ಒಯ್ಯುವ ವಾಹನ ಹೊರಡುವುದಕ್ಕೆ ಸ್ವಲ್ಪ ಮೊದಲು ರಕ್ತ ತೆಗೆಯುವಂತೆ ರೋಗಿಯ ದಿನವನ್ನು ಗೊತ್ತುಮಾಡಿ. ರೋಗಿ ಚೆನ್ನಾಗಿದ್ದು, ಇಸಿಜಿ ಸಹಜವಾಗಿದ್ದು, ಫಲಿತಾಂಶ ಮಾತ್ರ ಅನಿರೀಕ್ಷಿತವಾಗಿ ಹೆಚ್ಚಿದ್ದರೆ ಆ ಮಾತ್ರೆಯನ್ನು ಅಂದಿನ ಮಟ್ಟಿಗೆ ತಡೆಹಿಡಿದು, ಮರುದಿನವೇ ಇನ್ನೊಂದು ಮಾದರಿ ತೆಗೆದು ಖಚಿತಪಡಿಸಿಕೊಳ್ಳಿ.